ದ್ವಿಭಾಷಿಕತೆ: ವಿದ್ವದ್ಗೋಷ್ಠಿಗಳು ನಡೆದು ಬಂದ ದಾರಿ

ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸಲೆಂದು ಬರುವ ತಂದೆತಾಯಿಗಳು ಪ್ರವೇಶಪತ್ರಕ್ಕೆ ರುಜು ಹಾಕುವ ಮುನ್ನ ಉಪಾಧ್ಯಾಯರನ್ನು ಒಂದು ಮಾತು ಕೇಳದೆ ಇರುವುದಿಲ್ಲ. “ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ ಆದರೆ ಮಗುವಿನ ತಲೆಗೆ ಭಾರವಾಗುವುದಿಲ್ಲವೆ? ಒಂದನ್ನು ಬಿಡಿಸಿದರೆ ಇನ್ನೊಂದು ಬೇಗ ಬಂದೀತಲ್ಲವೆ?” ಮನೆಯಲ್ಲಿ ಮರಾಠಿಯನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡುವವರು ಕನ್ನಡದ ವಿಷಯವಾಗಿ ಹೀಗೆ ಕೇಳುತ್ತಾರೆ, ಮನೆಯಲ್ಲಿ ಕನ್ನಡವನ್ನಾಡುವವರು ಇಂಗ್ಲಿಷಿನ ವಿಷಯವಾಗಿ ಕೇಳುತ್ತಾರೆ. ಪ್ರಶ್ನೆ ಒಂದೇ. ಅದಕ್ಕೆ ಉಪಾಧ್ಯಾಯರಾದ ನಾವು ಕೊಡುವ ಉತ್ತರವು ಬಹುಮಟ್ಟಿಗೆ ನಮ್ಮ ನಮ್ಮ ಊಹೆಯನ್ನೇ ಅವಲಂಬಿಸಿರುತ್ತದೆ. ಆದರೆ ಇದೇ ಪ್ರಶ್ನೆಯನ್ನು ಕುರಿತು ನಾನಾ ದೇಶಗಳ ವಿದ್ವಾಂಸರು ಒಂದೆಡೆ ಸೇರಿ ವಿಚಾರ ಮಾಡಲು ತೊಡಗಿ ನೂರು ವರ್ಷಗಳಾಗುತ್ತ ಬಂದಿವೆ. ಆ ವಿದ್ವದ್ಗೋಷ್ಠಿಗಳಲ್ಲಿ ಏನು ನಡೆಯಿತು, ಮೊದಲಿನ ಅಭಿಪ್ರಾಯ ಏಕೆ ಬದಲಾಯಿತು, ಅದರಿಂದ ನಮ್ಮಂತಹ ಶಾಲೆಗೆ ಏನು ಪ್ರಯೋಜನ ಎಂಬುದನ್ನು ಯಥಾಮತಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ಪದದ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ‘ದ್ವಿಭಾಷಿಕತೆ’ ಎಂಬುದು ಈಚಿನ ಪಾರಿಭಾಷಿಕ ಪದವಾದರೂ ಅದು ಸೂಚಿಸುವ ವಸ್ತು ನಮಗೆ ಹೊಸದಲ್ಲ. ‘ಉಭಯಕವಿ’ ಎಂಬ ಬಿರುದು ನಮ್ಮ ಸಾಹಿತ್ಯದಲ್ಲಿ ಹಳೆಯದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದುದು ಎರಡು ನುಡಿಗಳ ಮರ್ಮವನ್ನು ಬಲ್ಲವನಾದ್ದರಿಂದಲೇ ಸಾಧ್ಯವಾಯಿತು. ಆಧುನಿಕ ಶಾಸ್ತ್ರಕಾರರಲ್ಲಿ ಎರಡು ಪಕ್ಷಗಳುಂಟು. ಅಮೆರಿಕದ ಭಾಷಾವಿಜ್ಞಾನಿ ಬ್ಲೂಮ್‌ಫೀಲ್ಡ್ 1933ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಎರಡು ಭಾಷೆಗಳ ಮೇಲೂ ಮಾತೃಭಾಷೆಯವನಿಗಿರುವಷ್ಟೇ ಪ್ರಭುತ್ವವಿರುವುದೇ ದ್ವಿಭಾಷಿಕತೆಯೆಂದು ಭಾವಿಸಿದನು. ಊರಿಯಲ್ ವೈನ್‌ರೈಕ್ ಎಂಬಾತನು 1953ರಲ್ಲಿ, ಎರಡು ಭಾಷೆಗಳನ್ನು ಸಂದರ್ಭಾನುಸಾರವಾಗಿ ಬದಲಿಸಿ ಬದಲಿಸಿ ಬಳಸುವ ರೂಢಿಯೇ ದ್ವಿಭಾಷಿಕತೆಯೆಂದನು. ಮೊದಲನೆಯ ಲಕ್ಷಣವನ್ನು ಹಿಡಿದರೆ ದ್ವಿಭಾಷಿಕರು ಬೆರಳೆಣಿಕೆಯಷ್ಟು ಮಂದಿ; ಎರಡನೆಯದನ್ನು ಹಿಡಿದರೆ ಸಂತೆಯಲ್ಲಿ ಎರಡು ಭಾಷೆಗಳಲ್ಲಿ ವ್ಯಾಪಾರ ಮಾಡುವ ನಮ್ಮ ತರಕಾರಿ ಮಾರುವ ತಾಯಿಯೂ ದ್ವಿಭಾಷಿಕಳೇ. ಇಂದು ವಿದ್ವಾಂಸರು ಸಾಮಾನ್ಯವಾಗಿ ಎರಡನೆಯ ಅರ್ಥವನ್ನೇ ಒಪ್ಪುತ್ತಾರೆ. 2011ರ ಜನಗಣತಿಯ ಪ್ರಕಾರ ಭಾರತೀಯರಲ್ಲಿ ಶೇಕಡ 26ರಷ್ಟು ಜನ ಎರಡು ಭಾಷೆಗಳನ್ನೂ ಶೇಕಡ 7ರಷ್ಟು ಜನ ಮೂರು ಭಾಷೆಗಳನ್ನೂ ಬಲ್ಲವರೆಂದು ಹೇಳಿಕೊಂಡಿರುವರು.

ಇನ್ನು ಗೋಷ್ಠಿಗಳ ವಿಷಯ. ಇವುಗಳ ಆರಂಭವನ್ನು ತಿಳಿಯಲು ವೇಲ್ಸ್ ಪ್ರಾಂತದಿಂದ ತೊಡಗಬೇಕು. ಬ್ರಿಟನ್ನಿನ ಪಶ್ಚಿಮ ಭಾಗದ ಈ ನಾಡಿನಲ್ಲಿ ಮನೆಯ ಭಾಷೆ ವೆಲ್ಷ್; ರಾಜ್ಯಭಾಷೆ ಇಂಗ್ಲಿಷ್. ಡಿ. ಜೆ. ಸೇಯರ್ ಎಂಬ ವಿದ್ವಾಂಸನು ಅಲ್ಲಿ 7ರಿಂದ 14 ವರ್ಷ ವಯಸ್ಸಿನ ಸುಮಾರು 1400 ಮಕ್ಕಳ ಬುದ್ಧಿಶಕ್ತಿಯನ್ನು ಪರೀಕ್ಷಿಸಿ ತನ್ನ ನಿರ್ಣಯವನ್ನು 1923ರಲ್ಲಿ ಪ್ರಕಟಿಸಿದನು. ಹಳ್ಳಿಗಾಡಿನಲ್ಲಿ ಎರಡು ಭಾಷೆಗಳ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಹಿಂದುಳಿದಿದ್ದಾರೆ, ಅದಕ್ಕೆ ಕಾರಣ ಮನಸ್ಸಿನ ಗೊಂದಲ ಎಂಬುದು ಆತನ ಅಭಿಪ್ರಾಯವಾಗಿತ್ತು. ಪಟ್ಟಣದ ಮಕ್ಕಳಲ್ಲಿ ಇಂತಹ ಅಂತರವು ಆತನಿಗೇ ಕಾಣಲಿಲ್ಲ. ಆದರೆ ಆ ಮಾತನ್ನು ಜನ ಮರೆತರು, ‘ಗೊಂದಲ’ ಎಂಬ ಮಾತನ್ನು ಮಾತ್ರ ನೆನಪಿಟ್ಟುಕೊಂಡರು.

ಇಂತಹ ವಾತಾವರಣದಲ್ಲಿ ಜಿನೀವಾದ ಅಂತರರಾಷ್ಟ್ರೀಯ ಶಿಕ್ಷಣ ಸಂಸ್ಥೆಯು 1928ರ ಏಪ್ರಿಲ್ ತಿಂಗಳಿನಲ್ಲಿ ಲಕ್ಸೆಂಬರ್ಗ್ ನಗರದಲ್ಲಿ ಒಂದು ಸಮ್ಮೇಳನವನ್ನು ಕರೆಯಿತು. ದ್ವಿಭಾಷಿಕತೆ ಮತ್ತು ಶಿಕ್ಷಣ ಎಂಬುದೇ ಅದರ ವಿಷಯ. ಸ್ಥಳವೂ ವಿಷಯಕ್ಕೆ ಒಪ್ಪುವಂಥದೇ. ಏಕೆಂದರೆ ಆ ಪುಟ್ಟ ದೇಶದ ಮಕ್ಕಳು ಮನೆಯಲ್ಲಿ ತಮ್ಮ ನಾಡನುಡಿಯನ್ನು ಆಡಿ ಶಾಲೆಯಲ್ಲಿ ಜರ್ಮನ್ ಮತ್ತು ಫ್ರೆಂಚ್ ಭಾಷೆಗಳನ್ನು ಕಲಿಯುವವರು. ಆ ಕಾಲದಲ್ಲಿ ವಿದ್ವಾಂಸರ ಮುಂದಿದ್ದ ಮುಖ್ಯ ಶಂಕೆಯು ಎರಡು ಭಾಷೆಗಳು ಮಗುವಿಗೆ ಕೇಡು ಮಾಡುವವೋ ಎಂಬುದಾಗಿತ್ತು. ಇಂದು ನಮ್ಮ ಶಾಲೆಯ ಬಾಗಿಲಲ್ಲಿ ತಂದೆತಾಯಿಗಳು ಕೇಳುವ ಪ್ರಶ್ನೆಯೂ ಇದೇ ಅಲ್ಲವೆ!

ಈ ಶಂಕೆಯು ಹೇಗೆ ಪರಿಹಾರವಾಯಿತೆಂಬುದು ತಿಳಿದುಕೊಳ್ಳತಕ್ಕ ಸಂಗತಿ. ಮುಂದಿನವರು ಹಳೆಯ ಪರೀಕ್ಷೆಗಳನ್ನು ಮತ್ತೆ ಪರಿಶೀಲಿಸಿದಾಗ ದೋಷವು ಮಕ್ಕಳಲ್ಲಿ ಇರಲಿಲ್ಲ, ಅಳತೆಯಲ್ಲಿಯೇ ಇದ್ದಿತೆಂಬುದು ಕಂಡುಬಂದಿತು. ಬಡ ಒಕ್ಕಲುಮಕ್ಕಳನ್ನು ಅನುಕೂಲಸ್ಥರ ಮಕ್ಕಳೊಡನೆ ಹೋಲಿಸಿದ್ದುಂಟು. ಮಗುವಿಗೆ ದುರ್ಬಲವಾಗಿದ್ದ ಭಾಷೆಯಲ್ಲಿಯೇ ಪ್ರಶ್ನೆ ಕೇಳಿ ಬುದ್ಧಿ ಕಡಿಮೆಯೆಂದು ತೀರ್ಮಾನಿಸಿದ್ದುಂಟು. ಎರಡು ಚೀಲಗಳಲ್ಲಿ ಜೋಳ ತುಂಬಿಕೊಂಡು ಬಂದ ರೈತನ ಒಂದು ಚೀಲವನ್ನಷ್ಟೇ ತೂಗಿ ‘ನಿನ್ನ ಬೆಳೆ ಕಡಿಮೆ’ ಎಂದಂತೆ ಆಯಿತು ಇದು.

ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಈ ತಪ್ಪನ್ನು ತಿದ್ದಲು ಯತ್ನಿಸಿದರು. ಅವರು ಆ ನಗರದ ಆರು ಫ್ರೆಂಚ್ ಶಾಲೆಗಳಿಂದ ಹತ್ತು ವರ್ಷದ ಮಕ್ಕಳನ್ನು ಆರಿಸಿ, ಕುಟುಂಬದ ಸ್ಥಿತಿಗತಿಗಳು ಸಮಾನವಾಗಿರುವಂತೆ ನೋಡಿಕೊಂಡು, ಎರಡು ಭಾಷೆಗಳನ್ನೂ ಸಮನಾಗಿ ಬಲ್ಲವರನ್ನು ಒಂದೇ ಭಾಷೆಯವರೊಡನೆ ಹೋಲಿಸಿದರು. 1962ರಲ್ಲಿ ಪ್ರಕಟವಾದ ಫಲಿತಾಂಶವು ಹಿಂದಿನದಕ್ಕೆ ಪೂರ್ಣ ವಿರುದ್ಧವಾಗಿತ್ತು: ಎರಡು ಭಾಷೆಗಳ ಮಕ್ಕಳೇ ಬುದ್ಧಿಪರೀಕ್ಷೆಗಳಲ್ಲಿ ಮುಂದಿದ್ದರು. ಚುರುಕಾದ ಮಕ್ಕಳೇ ಎರಡು ಭಾಷೆಗಳನ್ನು ಚೆನ್ನಾಗಿ ಕಲಿತಿದ್ದಿರಬಹುದಲ್ಲವೆ ಎಂಬ ಆಕ್ಷೇಪವೂ ಬಂದಿತು. ಅದು ನ್ಯಾಯವಾದ ಆಕ್ಷೇಪವೇ. ಆದರೂ ‘ದ್ವಿಭಾಷಿಕತೆಯು ಬುದ್ಧಿಗೆ ರೋಗ’ ಎಂಬ ನಂಬಿಕೆಯು ಅಂದಿನಿಂದ ಸಡಿಲವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಆ ದಶಕದಲ್ಲಿ ಎರಡು ಗೋಷ್ಠಿಗಳು ನಡೆದವು. 1960ರಲ್ಲಿ ವೇಲ್ಸಿನ ಅಬೆರಿಸ್ಟ್‌ವಿತ್ ಪಟ್ಟಣದಲ್ಲಿ ಯುನೆಸ್ಕೋದ ಆಶ್ರಯದಲ್ಲಿ ಶಿಕ್ಷಣದಲ್ಲಿ ದ್ವಿಭಾಷಿಕತೆಯನ್ನು ಕುರಿತು ವಿಚಾರಸಂಕಿರಣ ಜರುಗಿತು. 1967ರ ಜೂನ್ ತಿಂಗಳಿನಲ್ಲಿ ಕೆನಡಾದ ಮಾಂಕ್ಟನ್ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಂಕಿರಣವೊಂದು ಸೇರಿತು. ದ್ವಿಭಾಷಿಕತೆಯನ್ನು ವರ್ಣಿಸುವುದು ಹೇಗೆ, ಅಳೆಯುವುದು ಹೇಗೆ ಎಂಬುದೇ ಅಲ್ಲಿನ ಚರ್ಚೆ. ಇಂಗ್ಲಿಷರೂ ಫ್ರೆಂಚರೂ ಕೂಡಿ ಬಾಳುವ ಆ ದೇಶದಲ್ಲಿ ಭಾಷೆಯ ಪ್ರಶ್ನೆಯು ರಾಜ್ಯದ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಸರ್ಕಾರವು 1963ರಲ್ಲಿ ಅದಕ್ಕಾಗಿ ಆಯೋಗವನ್ನೇ ನೇಮಿಸಿತ್ತು, 1969ರಲ್ಲಿ ಎರಡೂ ಭಾಷೆಗಳಿಗೆ ಸಮಾನ ಪದವಿ ಕೊಡುವ ಶಾಸನವನ್ನು ಮಾಡಿತು. ಮಾಂಕ್ಟನ್ ಗೋಷ್ಠಿಯಲ್ಲಿ ಭಾಷಾವಿಜ್ಞಾನಿಗಳು, ಮನಶ್ಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಒಂದೇ ಪಂಕ್ತಿಯಲ್ಲಿ ಕುಳಿತರು. ಒಬ್ಬ ಶಾಸ್ತ್ರಜ್ಞನ ಅಳತೆಗೋಲಿಗೆ ಸಿಕ್ಕದ್ದು ಇನ್ನೊಬ್ಬನಿಗೆ ಸಿಕ್ಕೀತೆಂಬ ವಿನಯವೇ ಇಂತಹ ಕೂಟಗಳ ಸಾರ್ಥಕತೆ.

ಇಲ್ಲಿ ಇನ್ನೊಂದು ಪ್ರಯೋಗವನ್ನು ಹೇಳಲೇಬೇಕು. ಏಕೆಂದರೆ ಇದನ್ನು ತಪ್ಪಾಗಿ ತಿಳಿಯುವವರು ಬಹಳ. ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್ ಎಂಬಲ್ಲಿ ಇಂಗ್ಲಿಷ್ ಮನೆಮಾತಿನ ತಂದೆತಾಯಿಗಳು ಒತ್ತಾಯಪಡಿಸಿದ್ದರಿಂದ 1965ರಲ್ಲಿ ಅವರ ಮಕ್ಕಳಿಗೆ ಶಿಶುವರ್ಗದಿಂದಲೇ ಪೂರ್ತಿಯಾಗಿ ಫ್ರೆಂಚಿನಲ್ಲಿ ಪಾಠ ಮಾಡುವ ತರಗತಿಯು ಆರಂಭವಾಯಿತು. ಮಕ್ಕಳು ಫ್ರೆಂಚನ್ನು ಚೆನ್ನಾಗಿ ಕಲಿತರು; ಅವರ ಇಂಗ್ಲಿಷಿಗೆ ಕುಂದು ಬರಲಿಲ್ಲ. ಇದನ್ನು ಕೇಳಿದ ಕೆಲವರು, ‘ಹಾಗಾದರೆ ನಮ್ಮ ಮಕ್ಕಳನ್ನೂ ಮೊದಲ ದಿನದಿಂದ ಇಂಗ್ಲಿಷಿನಲ್ಲಿಯೇ ಮುಳುಗಿಸೋಣ’ ಎನ್ನುತ್ತಾರೆ. ಆದರೆ ಆ ಮಕ್ಕಳ ಮನೆಮಾತು ಯಾವುದು? ಖಂಡವನ್ನೇ ಆಳುವ ಇಂಗ್ಲಿಷ್. ಮನೆ, ಪುಸ್ತಕ, ಆಕಾಶವಾಣಿ, ಅಂಗಡಿ, ಉದ್ಯೋಗ ಎಲ್ಲವೂ ಅದನ್ನು ಕಾಯುತ್ತಿದ್ದವು. ನಮ್ಮ ಮಗುವಿನ ಕನ್ನಡಕ್ಕಾಗಲಿ, ತಾಂಡಾದ ಮಗುವಿನ ಲಂಬಾಣಿಗಾಗಲಿ ಅಂತಹ ಕಾವಲಿಲ್ಲ. ಈ ಭೇದವನ್ನು ಲ್ಯಾಂಬರ್ಟನೇ 1970ರ ದಶಕದಲ್ಲಿ ಸ್ಪಷ್ಟಪಡಿಸಿದನು. ಮೊದಲ ಭಾಷೆಯು ಗಟ್ಟಿಯಾಗಿ ನಿಂತಿರುವಾಗ ಎರಡನೆಯದು ಬಂದು ಸೇರಿದರೆ ಅದು ‘ಕೂಡುವ’ ದ್ವಿಭಾಷಿಕತೆ. ಎರಡನೆಯದು ಬಂದು ಮೊದಲನೆಯದನ್ನು ಹೊರಗೆ ತಳ್ಳಿದರೆ ಅದು ‘ಕಳೆಯುವ’ ದ್ವಿಭಾಷಿಕತೆ. ಹಿತವಾದದ್ದು ಮೊದಲನೆಯದು. ಈ ಎರಡು ಮಾತುಗಳನ್ನು ಉಪಾಧ್ಯಾಯರೆಲ್ಲರೂ ನೆನಪಿನಲ್ಲಿಡತಕ್ಕದ್ದು.

ಇಷ್ಟರವರೆಗೆ ಪರದೇಶದ ಮಾತಾಯಿತು. ಈ ಚರ್ಚೆಯೊಳಗೆ ಕನ್ನಡವೂ ಪ್ರವೇಶಿಸಿದ ಒಂದು ಪ್ರಸಂಗವುಂಟು. 1968ರ ಏಪ್ರಿಲ್ ತಿಂಗಳಿನಲ್ಲಿ ಭಾಷೆಗಳ ಬೆರಕೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು ಜಮೈಕಾ ದ್ವೀಪದ ಮೋನಾದಲ್ಲಿ, ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಅದರ ಪ್ರಬಂಧಗಳು 1971ರಲ್ಲಿ ಗ್ರಂಥರೂಪದಲ್ಲಿ ಬಂದವು. ಅವುಗಳಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬುವರು ಬರೆದ ಒಂದು ಪ್ರಬಂಧವು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಸಮೀಪದಲ್ಲಿದ್ದು ಅವರು ಕುಪ್ವಾರ್ ಎಂದು ಕರೆದಿರುವ ಗ್ರಾಮವನ್ನು ಕುರಿತದ್ದು. ಅಲ್ಲಿ ಜೈನರ ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ಭೂಮಿಯಿಲ್ಲದ ಕೂಲಿಕಾರರದು ಮರಾಠಿ, ಹಗ್ಗ ಹೊಸೆಯುವವರದು ತೆಲುಗು. ಶತಮಾನಗಳಿಂದ ಒಂದೇ ಬಾವಿಯ ನೀರನ್ನು ಸೇದುವಂತೆ ಈ ಭಾಷೆಗಳು ಒಂದೇ ಊರಿನಲ್ಲಿ ಬದುಕಿದ್ದವು.

ಫಲವಾಗಿ ಏನಾಯಿತು? ಪದಗಳು ಬೇರೆ ಬೇರೆಯಾಗಿಯೇ ಉಳಿದವು; ವಾಕ್ಯರಚನೆ ಮಾತ್ರ ಒಂದೇ ಅಚ್ಚಿನಲ್ಲಿ ಎರೆದಂತೆ ಆಯಿತು. ‘ಸೊಪ್ಪು ಕೊಯ್ದು ತೆಗೆದುಕೊಂಡು ಬಂದೆ’ ಎಂಬಂತಹ ವಾಕ್ಯವನ್ನು ಆ ಊರಿನ ಉರ್ದುವಿನಲ್ಲಿ ಹೇಳಲಿ, ಮರಾಠಿಯಲ್ಲಿ ಹೇಳಲಿ, ಕನ್ನಡದಲ್ಲಿ ಹೇಳಲಿ, ಪದಕ್ಕೆ ಪದವನ್ನು ಇಟ್ಟು ಭಾಷಾಂತರಿಸಬಹುದು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕ. ಮರಾಠಿಯಲ್ಲಿ ‘ನದಿ’ ಸ್ತ್ರೀಲಿಂಗ. ಆದರೆ ಆ ಊರಿನ ಮರಾಠಿಯು ಕನ್ನಡದ ಕ್ರಮವನ್ನು ಹಿಡಿದು ನದಿಯನ್ನು ನಪುಂಸಕವಾಗಿ ಮಾಡಿಕೊಂಡಿತ್ತು. ಕನ್ನಡವೂ ಕೊಟ್ಟದ್ದಷ್ಟೇ ಅಲ್ಲ, ಕೊಂಡದ್ದೂ ಉಂಟು. ನಾವು ‘ಇದು ನಿಮ್ಮ ಮನೆ’ ಎಂದು ನಿಲ್ಲಿಸುವಲ್ಲಿ ಅವರು ಮರಾಠಿಯ ರೀತಿಯಲ್ಲಿ ‘ಇದು ನಿಮ್ಮ ಮನಿ ಐತಿ’ ಎಂದು ಕ್ರಿಯಾಪದವನ್ನು ಸೇರಿಸುತ್ತಿದ್ದರು.

ವಿದ್ವತ್ ಪರೀಕ್ಷೆಗೆ ಓದುವಾಗ ಅರಿಸಮಾಸದ ದೋಷವನ್ನು ಕಂಠಪಾಠ ಮಾಡಿದವನು ನಾನು. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಸಮಾಸದಲ್ಲಿ ಬೆರೆಸುವುದು ಕಾಯುವ ಹಾಲಿಗೆ ಮಜ್ಜಿಗೆಯ ಹನಿಯನ್ನು ಹಾಕಿದಂತೆ ಎಂಬ ಕವಿರಾಜಮಾರ್ಗದ ಅಭಿಪ್ರಾಯವನ್ನು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಬೋಧಿಸಿದವನು. ಕಾವ್ಯಕ್ಕೆ ಅದು ಸಲ್ಲುವ ನಿಯಮ. ಇಂದಿಗೂ ನಾನು ಅದನ್ನು ಬಿಟ್ಟವನಲ್ಲ. ಆದರೆ ಕಾವ್ಯದ ಆ ನಿಯಮವನ್ನು ಮಗುವಿನ ನಾಲಿಗೆಯ ಮೇಲೆ ಹೇರಿದ್ದು ನನ್ನ ತಪ್ಪು. ಅದನ್ನು ಇಲ್ಲಿ ಮುಚ್ಚಿಡದೆ ಹೇಳುತ್ತೇನೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ನಾನು ಹೊಸದಾಗಿ ಕನ್ನಡ ಪಂಡಿತನಾಗಿದ್ದೆ. ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗನ ನಿಬಂಧಗಳಲ್ಲಿ ಕರ್ತೃಪದಕ್ಕೂ ಕ್ರಿಯಾಪದಕ್ಕೂ ಲಿಂಗವು ಹೊಂದುತ್ತಿರಲಿಲ್ಲ. ಎಷ್ಟು ತಿದ್ದಿದರೂ ಅದೇ ತಪ್ಪು. ಅವನ ತಂದೆಯನ್ನು ಕರೆಸಿ, ಮನೆಯಲ್ಲಿ ಲಂಬಾಣಿಯನ್ನು ಬಿಡಿಸಿ ಕನ್ನಡವನ್ನೇ ಆಡಿಸಬೇಕೆಂದು ಅಪ್ಪಣೆ ಮಾಡಿದೆ. ಆತ ಗುರುವಾಕ್ಯವೆಂದು ತಲೆಬಾಗಿ ಹೋದ. ಮರುವರ್ಷ ಮತ್ತೆ ಬಂದು ನಿಂತು, “ನೀವು ಹೇಳಿದಂಗ ಮಾಡೀವ್ರಿ ಗುರುಗಳ. ಈಗ ಹುಡುಗ ಮುದುಕಿ ಕೂಡ ಮಾತ ಬಿಟ್ಟಾನ್ರಿ. ಆಕಿಗೆ ಕನ್ನಡ ಬರೂದಿಲ್ಲ” ಎಂದ. ಅವನ ಧ್ವನಿಯಲ್ಲಿ ದೂರು ಇರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಹುಡುಗನ ಕನ್ನಡವೇನೂ ಸುಧಾರಿಸಿರಲಿಲ್ಲ. ಅಜ್ಜಿಯಿಂದ ಕಥೆ ಕೇಳುವ ಭಾಗ್ಯವೊಂದು ಮಾತ್ರ ಅವನಿಗೆ ತಪ್ಪಿತ್ತು. ಲಂಬಾಣಿಯು ಉತ್ತರದ ಆರ್ಯಭಾಷೆಗಳ ಬಳಗಕ್ಕೆ ಸೇರಿದ ನುಡಿ. ಅದು ನಿರ್ಜೀವ ವಸ್ತುಗಳಿಗೂ ವ್ಯಾಕರಣದ ಲಿಂಗವನ್ನು ಹಚ್ಚುತ್ತದೆ. ನಾನು ಅಜ್ಞಾನವೆಂದು ತಿಳಿದದ್ದು ಅವನ ಮನೆಯ ವ್ಯಾಕರಣವಾಗಿತ್ತು. ಎರಡು ಭಾಷೆಗಳ ಲಿಂಗವಿವಕ್ಷೆಯನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ್ದರೆ ಒಂದು ವಾರದಲ್ಲಿ ತಿದ್ದಬಹುದಾಗಿದ್ದ ತಪ್ಪಿಗೆ ನಾನು ಭಾಷೆಯನ್ನೇ ಕೊಯ್ದುಹಾಕುವ ಔಷಧವನ್ನು ಹೇಳಿದ್ದೆ. ಕುಪ್ವಾರಿನ ಪ್ರಬಂಧದ ವಿಷಯವನ್ನು ನಾನು ತಿಳಿದದ್ದು ಎಷ್ಟೋ ವರ್ಷಗಳ ಅನಂತರ.

ಗಿರಿಜನರ ಮಕ್ಕಳ ವಿಷಯದಲ್ಲಿ ನಮ್ಮ ದೇಶದಲ್ಲಿಯೇ ನಡೆದ ಶೋಧನೆಯೂ ಉಂಟು. ಒಡಿಶಾದ ಫೂಲಬಾಣಿ ಪ್ರದೇಶದ ಕೊಂಡ ಜನರಲ್ಲಿ ಕೆಲವೆಡೆ ಕುಯಿ ಎಂಬ ತಮ್ಮ ನುಡಿಯನ್ನೂ ಒಡಿಯಾವನ್ನೂ ಆಡುವವರಿದ್ದಾರೆ. ಕೆಲವೆಡೆ ಕುಯಿ ಮರೆತುಹೋಗಿ ಒಡಿಯಾ ಒಂದೇ ಉಳಿದಿದೆ. ಜನ ಒಂದೇ, ಬಡತನವೂ ಒಂದೇ. ಭಾಷೆಯಲ್ಲಿ ಮಾತ್ರ ವ್ಯತ್ಯಾಸ. ಸೇಯರನ ಕಾಲದಲ್ಲಿ ಸಿಕ್ಕದಿದ್ದ ಸಮವಾದ ತಕ್ಕಡಿ ಇಲ್ಲಿ ದೊರೆಯಿತು. ಮನಶ್ಶಾಸ್ತ್ರಜ್ಞರಾದ ಅಜಿತ್ ಮೊಹಾಂತಿಯವರು ಈ ಎರಡು ಗುಂಪಿನ ಮಕ್ಕಳನ್ನು ಹೋಲಿಸಿ, ಎರಡು ಭಾಷೆಗಳನ್ನು ಉಳಿಸಿಕೊಂಡವರೇ ಬುದ್ಧಿಯ ಪರೀಕ್ಷೆಗಳಲ್ಲಿ ಉತ್ತಮರೆಂದು ಕಂಡರು. ಅವರ ಗ್ರಂಥವನ್ನು 1994ರಲ್ಲಿ ಪ್ರಕಟಿಸಿದ್ದು, 1969ರಲ್ಲಿ ಸ್ಥಾಪಿತವಾದ ನಮ್ಮ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ.

ಇತ್ತೀಚಿನ ಕಾಲದಲ್ಲಿ ಈ ವಿಷಯಕ್ಕೇ ಮೀಸಲಾದ ಒಂದು ಸಮ್ಮೇಳನವು ಕ್ರಮವಾಗಿ ನಡೆಯುತ್ತ ಬಂದಿದೆ. ‘ದ್ವಿಭಾಷಿಕತೆಯ ಅಂತರರಾಷ್ಟ್ರೀಯ ಗೋಷ್ಠಿ’ ಎಂಬ ಅರ್ಥದ ಹೆಸರುಳ್ಳ ಇದು 1997ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಆರಂಭವಾಗಿ ಎರಡು ವರ್ಷಗಳಿಗೊಮ್ಮೆ ಸೇರುತ್ತಿದೆ. 2005ರಲ್ಲಿ ಬಾರ್ಸಿಲೋನಾ, 2011ರಲ್ಲಿ ಓಸ್ಲೊ, 2013ರಲ್ಲಿ ಸಿಂಗಪುರ, 2019ರಲ್ಲಿ ಕೆನಡಾದ ಎಡ್ಮಂಟನ್ ನಗರಗಳು ಇದಕ್ಕೆ ಆತಿಥ್ಯ ನೀಡಿದವು. ಕೊರೋನಾ ವ್ಯಾಧಿಯ ಕಾಲದಲ್ಲಿ, 2021ರಲ್ಲಿ, ವಾರ್ಸಾ ನಗರದವರು ಅಂತರ್ಜಾಲದ ಮೂಲಕವೇ ನಡೆಸಿದರು. 2023ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮತ್ತೆ ಮುಖಾಮುಖಿಯಾಗಿ ಸೇರಿದರು. ‘ಎರಡು ಭಾಷೆಗಳಿಂದ ಕೇಡುಂಟೆ?’ ಎಂಬುದು ಈಗಿನ ಮುಖ್ಯ ಪ್ರಶ್ನೆಯಲ್ಲ. ಒಂದೇ ಮನಸ್ಸು ಎರಡು ಭಾಷೆಗಳನ್ನು ಹೇಗೆ ಧರಿಸುತ್ತದೆ, ಒಂದನ್ನು ಆಡುವಾಗ ಇನ್ನೊಂದನ್ನು ಹೇಗೆ ತಡೆದಿಡುತ್ತದೆ, ಶಿಶುವು ಎರಡನ್ನೂ ಹೇಗೆ ಬೇರ್ಪಡಿಸಿ ಕಲಿಯುತ್ತದೆ, ವೃದ್ಧಾಪ್ಯದಲ್ಲಿ ಯಾವುದು ಉಳಿಯುತ್ತದೆ ಎಂಬಂತಹ ಪ್ರಶ್ನೆಗಳು ಮುಂದೆ ಬಂದಿವೆ.

ವೃದ್ಧಾಪ್ಯದ ವಿಷಯದಲ್ಲಿ ಹೈದರಾಬಾದಿನ ಒಂದು ಶೋಧನೆಯು ಜಗತ್ತಿನ ಗಮನವನ್ನು ಸೆಳೆಯಿತು. ಸುವರ್ಣಾ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು ಮರೆವಿನ ರೋಗಕ್ಕೆ ಗುರಿಯಾದ 648 ಮಂದಿಯ ವೃತ್ತಾಂತವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆಗಳನ್ನು ಬಲ್ಲವರಲ್ಲಿ ರೋಗವು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರವನ್ನೇ ಕಲಿಯದವರಲ್ಲಿಯೂ ಈ ವ್ಯತ್ಯಾಸ ಕಂಡಿತು. ಇದು ಶಾಲೆಯ ಫಲವಲ್ಲ, ಭಾಷೆಗಳ ಬಳಕೆಯ ಫಲವಿರಬಹುದೆಂಬ ಊಹೆಗೆ ಅದರಿಂದ ಬಲ ಬಂದಿತು. ಆದರೆ ಎಲ್ಲ ಶೋಧನೆಗಳೂ ಹೀಗೆಯೇ ಹೇಳುವುದಿಲ್ಲ. ಎರಡು ಭಾಷೆಗಳಿಂದ ಬುದ್ಧಿ ಹೆಚ್ಚುವುದೆಂಬ ವಾದವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ವಾದವಿನ್ನೂ ಮುಗಿದಿಲ್ಲ. ಆದುದರಿಂದ ‘ಎರಡು ಭಾಷೆ ಕಲಿತರೆ ಜಾಣನಾಗುವೆ’ ಎಂದು ಮಕ್ಕಳಿಗೆ ಆಸೆ ತೋರಿಸುವುದು ಬೇಡ. ಲಾಭದ ವಿಷಯದಲ್ಲಿ ಚರ್ಚೆಯುಂಟು. ಹಳೆಯವರು ಹೆದರಿದಂತಹ ಕೇಡು ಮಾತ್ರ ಇಲ್ಲವೆಂಬುದು ಸ್ಥಿರವಾಗಿದೆ. ಉಪಾಧ್ಯಾಯನಿಗೆ ಇಷ್ಟು ಸಾಕು.

ಹಾಗಾದರೆ ಜೂನ್ ತಿಂಗಳಿನ ಪ್ರಶ್ನೆಗೆ ನಮ್ಮ ಉತ್ತರವೇನು? ಮನೆಯ ನುಡಿಯನ್ನು ಬಿಡಿಸಬೇಡಿರಿ ಎಂಬುದೇ ಉತ್ತರ. ನಾನು ಅಂದು ಲಂಬಾಣಿ ತಂದೆಗೆ ಹೇಳಿದ ಮಾತನ್ನೇ ಇಂದು ಕೆಲವು ಶಾಲೆಗಳು ಕನ್ನಡದ ತಂದೆತಾಯಿಗಳಿಗೆ ಹೇಳುತ್ತಿವೆ: “ಮನೆಯಲ್ಲಿ ಕನ್ನಡ ಆಡಬೇಡಿರಿ, ಇಂಗ್ಲಿಷ್ ಆಡಿರಿ.” ಅದನ್ನು ಕೇಳಿ ನಾವು ನೊಂದುಕೊಳ್ಳುತ್ತೇವೆ, ನೊಂದುಕೊಳ್ಳತಕ್ಕದ್ದೇ. ಆದರೆ ಕನ್ನಡಕ್ಕೆ ಕೇಳುವ ನ್ಯಾಯವನ್ನು ತಾಂಡಾದ ಮಗುವಿಗೆ ಕೊಡದಿದ್ದರೆ ನಮ್ಮ ನೋವಿಗೆ ಬೆಲೆಯಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯವಿರಬೇಕೆಂದು ನಮ್ಮ ಸಂವಿಧಾನವೇ 1956ರಲ್ಲಿ ಸೇರಿಸಿದ ವಿಧಿಯೊಂದರಲ್ಲಿ ಆಶಿಸಿದೆ.

ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಮಗು ತಪ್ಪು ಮಾಡಿದಾಗ ಕೆಂಪು ಶಾಯಿಗೆ ಕೈಹಾಕುವ ಮುನ್ನ, ಈ ತಪ್ಪು ಅದರ ಮನೆಮಾತಿನಲ್ಲಿ ಸರಿಯಾದ ನಿಯಮವೋ ಎಂದು ಒಮ್ಮೆ ವಿಚಾರಿಸಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ಈ ಭಾಷೆಗಳನ್ನು ಬಲ್ಲವರು ಎಷ್ಟೋ ಮಂದಿ ಇದ್ದಾರೆ. ಅವರು ವಾರಕ್ಕೆ ಒಂದು ಗಂಟೆ ಬಂದು ಕಿರಿಯ ತರಗತಿಗಳಲ್ಲಿ ಕುಳಿತರೆ ಹೊಸ ಮಗುವಿಗೆ ಸೇತುವೆಯಾದಾರು. ದಾನಿಗಳು ಕಟ್ಟಡಕ್ಕೂ ಇಂಗ್ಲಿಷ್ ಪುಸ್ತಕಗಳಿಗೂ ಕೊಟ್ಟಿದ್ದಾರೆ, ಅವರಿಗೆ ನಾವು ಋಣಿಗಳು. ಮಕ್ಕಳು ಅಜ್ಜ ಅಜ್ಜಿಯರಿಂದ ಕೇಳಿದ ಕಥೆಗಳನ್ನು ಮನೆಯ ನುಡಿಯಲ್ಲಿಯೂ ಕನ್ನಡದಲ್ಲಿಯೂ ಎದುರುಬದುರಾಗಿ ಬರೆದಿಡುವ ಒಂದು ಸಣ್ಣ ಕಪಾಟಿಗೂ ಅವರ ಕೃಪೆ ಹರಿಯಲಿ.

ಆ ತಾಂಡಾದ ಅಜ್ಜಿ ಇಂದು ಬದುಕಿರಲಾರಳು. ಅವಳ ಕಥೆಗಳನ್ನು ನಾನು ಮರಳಿ ತರಲಾರೆ. ಇನ್ನೊಬ್ಬ ಮೊಮ್ಮಗನ ಬಾಯಿಯನ್ನು ನಮ್ಮ ಶಾಲೆಯು ಕಟ್ಟದಿರಲಿ ಎಂದು ಬೇಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.